ಎಲೆ ಉದುರಿದಾಗಲೇ ಕಾಣುವ ಕಾಡು

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿಯ ಸರ್ಕಾರಿ ಕಚೇರಿಗಳೇ ಬೆಳಗ್ಗೆ ಎಂಟಕ್ಕೆ ಶುರುವಾಗಿ ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುತ್ತವೆ. ಅಂಥ ಬಿಸಿಲಲ್ಲಿ ಒಂಬತ್ತನೇ ಇಯತ್ತೆಯ ಮಕ್ಕಳನ್ನು ಗುಡ್ಡ ಹತ್ತಿಸುತ್ತೇನೆ ಅಂದರೆ ಪಾಲಕರು ಸುಮ್ಮನಿರುತ್ತಾರೆಯೇ? "ಸರ್, ಮಡಿಕೇರಿಗರೆ ಒಯ್ಯರಿ, ಚಿಕ್ಕಮಗಳೂರಿಗರೆ ಒಯ್ಯರಿ. ರೊಕ್ಕ ನಾವ್ ಕೊಡ್ತೀವಿ. ಚಿಂಚೋಳ್ಯಾಗ ಏನದ ನೋಡ್ಲಾಕ?" ಅಂತ ಒಬ್ಬರು ಸಭೆಯಲ್ಲೇ ಎದ್ದು ನಿಂತು ಕೇಳಿದರು. ಉಳಿದವರೂ ತಲೆಯಾಡಿಸಿದರು.

ಅವರ ಮಾತಲ್ಲಿ ತಪ್ಪು ಹುಡುಕುವಂಥದ್ದೇನಿಲ್ಲ. ನಮ್ಮ ಭಾಗದ ಮಕ್ಕಳಿಗೆ ಗುಡ್ಡ ಅಂದರೆ ಮಂಜು, ಕಾಡು ಅಂದರೆ ಹಸಿರು. ಮೊಬೈಲಿನಲ್ಲಿ ಹಿಮಾಲಯ ನೋಡಿರುತ್ತಾರೆ. ತಮ್ಮದೇ ಜಿಲ್ಲೆಯ ಚಿಂಚೋಳಿಯಲ್ಲಿ 134.88 ಚದರ ಕಿಲೋಮೀಟರಿನ ವನ್ಯಜೀವಿಧಾಮ ಇದೆ, 2011ರಲ್ಲಿ ಘೋಷಣೆಯಾಗಿದೆ, ಒಣನಾಡಿನ ವನ್ಯಧಾಮಗಳಲ್ಲಿ ದಕ್ಷಿಣ ಭಾರತಕ್ಕೆ ಅದೇ ಮೊದಲನೆಯದು ಅಂದರೆ "ಹೌದೇನ್ರಿ?" ಅಂತಾರೆ. ಹೌದು ಅಂತ ಬಾಯಲ್ಲಿ ಹೇಳಿ ಹೇಳಿ ಸಾಕಾಗಿತ್ತು. ಇಲಾಖೆಯ ಅನುಮತಿ ಪಡೆದು, ಬುತ್ತಿ ಕಟ್ಟಿಸಿ, ಮಕ್ಕಳನ್ನು ಬಸ್ಸಿಗೆ ಹತ್ತಿಸಿಕೊಂಡು ಹೊರಟೇಬಿಟ್ಟೆ.

ಚಂದ್ರಂಪಳ್ಳಿ ಡ್ಯಾಮಿನ ಹತ್ತಿರ ಇಳಿದಾಗ ಬಿಸಿಲು ನೆತ್ತಿಗೇರಿತ್ತು. ಸುತ್ತಲೂ ಗುಡ್ಡ, ನಡುವೆ ತಳಕ್ಕಿಳಿದ ನೀರು. ಆ ಹೊತ್ತಲ್ಲಿ ನಡೆಯುವ ಮಾತೇ ಇರಲಿಲ್ಲ. ಮರದ ನೆರಳಲ್ಲಿ ಕೂತು ಸೂಸಲಾ, ಮಿರ್ಚಿ ಭಜಿ ತಿಂದು, ಮಜ್ಜಿಗೆ ಕುಡಿದು, ಬಿಸಿಲಿಳಿಯುವವರೆಗೆ ಹಾಗೇ ಕೂಡುವುದು. ಮೊಬೈಲುಗಳನ್ನು ಡ್ರೈವರ್ ಕಾಕಾನ ವಶಕ್ಕೆ ಕೊಡಿಸಿದ್ದೆ. ಮೊದಲ ತಾಸು ಚಡಪಡಿಸಿದರು. ಆಮೇಲೆ ಯಾರೋ ಒಬ್ಬಳು, ಕಾಜಾಣವೊಂದು ಹಾರುತ್ತಲೇ ನೀರಿಗೆ ಎದೆ ತಾಗಿಸಿ ಮತ್ತೆ ಅದೇ ಕೊಂಬೆಗೆ ಬಂದು ಕೂಡುವುದನ್ನು ಕಂಡಳು. ನೋಡನೋಡುತ್ತ ಎಲ್ಲರೂ ಅದನ್ನೇ ನೋಡತೊಡಗಿದರು. ಶಿಬಿರ ಅಂದರೆ ಮಕ್ಕಳಿಗೆ ಕ್ಷಣಕ್ಷಣಕ್ಕೂ ಏನಾದರೂ ಮಾಡಿಸುತ್ತಲೇ ಇರಬೇಕು ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ನನಗದು ಒಪ್ಪಿಗೆಯಿಲ್ಲ. ಬೇಸರ ಬಂದ ಮೇಲೇ ಕಣ್ಣು ತೆರೆಯುವುದು.

ಸಂಜೆ ನಮ್ಮ ಜೊತೆ ಬಂದವರು ಅಲ್ಲಿ ಕಾಡು ಕಾಯುವ ವಾಚರ್, ಹತ್ತಿರದ ತಾಂಡಾದ ಲಂಬಾಣಿ ಹಿರಿಯರು. ನಮ್ಮೊಡನೆ ಕನ್ನಡ, ಮನೆಯವರೊಡನೆ ಲಂಬಾಣಿ, ಗುಡ್ಡದ ಆಚೆಯ ತೆಲಂಗಾಣದವರು ಸಿಕ್ಕರೆ ತೆಲುಗು. ಮಕ್ಕಳು ಆಗಲೇ ಅವರನ್ನು ಕಾಕಾ ಅನ್ನಲು ಶುರುಮಾಡಿದ್ದರು. ಏರು ಹತ್ತುತ್ತ ಒಬ್ಬ ಹುಡುಗ ಬೇಸರದಿಂದ, "ಸರ್ರಿ, ಈ ಕಾಡು ಪೂರಾ ಸತ್ತದ್ರಿ" ಅಂದ. ನಾನು ಬಾಯಿ ತೆರೆಯುವ ಮೊದಲೇ ಕಾಕಾ ಒಂದು ಬೋಳು ಕೊಂಬೆಯ ಸಿಪ್ಪೆಯನ್ನು ಉಗುರಿನಿಂದ ಕೆರೆದರು. ಒಳಗೆ ಹಸಿ ಹಸಿರು. "ಸತ್ತಿಲ್ಲ ತಮ್ಮಾ. ಎಲಿ ಇದ್ದರ ನೀರು ಹಾರಿ ಹೋಗತದ. ಅದಕ್ಕ ತಾನೇ ಉದುರಿಸಿ ಸುಮ್ಕ ಕುಂತದ." ನಾನು ತರಗತಿಯಲ್ಲಿ ಬಾಷ್ಪವಿಸರ್ಜನೆ ಅಂತ ಬೋರ್ಡಿನ ತುಂಬ ಬರೆದು ಹೇಳುವ ಪಾಠ ಅಷ್ಟರಲ್ಲೇ ಮುಗಿಯಿತು. ಸಾಗವಾನಿಯ ಎಳೆ ಚಿಗುರು ಕಂಡಲ್ಲಿ ಒಂದೇ ಒಂದು ಎಲೆ ಕಿತ್ತು ಅಂಗೈಯಲ್ಲಿ ತಿಕ್ಕಿಸಿದರು. ಕೈ ಕೆಂಪಾಯಿತು. ಆಮೇಲೆ ಉಳಿದವರೂ ಎಲೆ ಕೀಳಲು ಮುಂದಾದಾಗ ಗದರಿಸಿದ್ದೂ ಅವರೇ.

ಎಲೆ ಇಲ್ಲದ್ದರಿಂದ ಆಗುವ ಲಾಭ ನಡೆಯುತ್ತ ನಡೆಯುತ್ತ ತಿಳಿಯಿತು. ಮಳೆಗಾಲದಲ್ಲಿ ಇದೇ ಹಾದಿಯಲ್ಲಿ ಬಂದರೆ ಮುಂದಿನ ಪೊದೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಮೇನಲ್ಲಾದರೆ ಗುಡ್ಡದ ಎಲುಬು ಗೂಡೇ ಕಾಣುತ್ತದೆ. ಯಾವ ಕೊಂಬೆಯಲ್ಲಿ ಯಾವ ಗೂಡು, ಹಳ್ಳ ಎಲ್ಲಿ ತಿರುಗುತ್ತದೆ, ಪ್ರಾಣಿಗಳು ಓಡಾಡುವ ಸಣ್ಣ ಜಾಡು ಯಾವ ನೀರಿಗೆ ಹೋಗಿ ಸೇರುತ್ತದೆ, ಎಲ್ಲ ಬಯಲು. ಒಂದು ಕಡೆ ಸುಣ್ಣದ ಹರಳಿನಂಥ ಬಿಳಿ ಉಂಡೆಗಳು ಬಿದ್ದಿದ್ದವು. ಕತ್ತೆಕಿರುಬದ ಲದ್ದಿ. ಅದು ಎಲುಬನ್ನೂ ಅರೆದು ತಿನ್ನುತ್ತದೆ, ಒಣಗಿದ ಮೇಲೆ ಲದ್ದಿ ಹಾಗೆ ಬೆಳ್ಳಗಾಗುತ್ತದೆ ಅಂತ ಹೇಳಿದೆ. ಹುಲಿ ಕಾಣಲಿಲ್ಲ ಅಂತ ಗೊಣಗುತ್ತಿದ್ದವರೆಲ್ಲ ಸುತ್ತ ಮೊಣಕಾಲೂರಿ ಕೂತರು. ಈ ಕಾಡಲ್ಲಿ ಹುಲಿ ಹುಡುಕಬಾರದು. ಕೃಷ್ಣಮೃಗ, ತೋಳ, ಕತ್ತೆಕಿರುಬ, ನರಿ, ಇವು ಒಣನಾಡಿನ ಸಂಸಾರ.

ರಾತ್ರಿ ಕ್ಯಾಂಪ್ ಫೈರ್ ಇಲ್ಲ ಅಂದಾಗ ಮುಖ ಸಣ್ಣದು ಮಾಡಿಕೊಂಡರು. ಹುಲ್ಲು ಒಣಗಿ ನಿಂತ ಕಾಡಲ್ಲಿ ಬೆಂಕಿ ಕಡ್ಡಿ ಗೀರುವುದಕ್ಕೇ ಕಾಕಾ ಬಿಡರು. ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಟಾರ್ಚಿನ ಬೆಳಕಲ್ಲೇ ಮುಗಿಯಿತು.

ಮರುದಿನ ಕತ್ತಲಿರುವಾಗಲೇ ಎದ್ದು ಎದುರಿನ ಗುಡ್ಡ ಹಿಡಿದೆವು. ನನಗೆ ಹೇಳಲೇಬೇಕಾದದ್ದು ಅಲ್ಲಿ ಕಂಡ ಒಂದು ಊಟೆಯ ಸಂಗತಿ. ಮೇಲೆಲ್ಲ ಕೆಂಪು ಕಲ್ಲು, ಮೈತುಂಬ ತೂತು. ಅದರ ಕೆಳಗೆ ಕರಿ ಕಲ್ಲು. ಕೆಂಪು ಮುಗಿದು ಕರಿದು ಶುರುವಾಗುವ ಅಂಚಿನಲ್ಲಿ, ಆ ಬೇಸಿಗೆಯಲ್ಲೂ, ನೀರು ಜಿನುಗುತ್ತಿತ್ತು. ಸುತ್ತ ಕೆಸರಲ್ಲಿ ನವಿಲಿನ ಹೆಜ್ಜೆ, ಹಂದಿ ಕೆದರಿದ ಗುರುತು. "ಇಷ್ಟ್ ಬ್ಯಾಸಿಗ್ಯಾಗ ನೀರು ಎಲ್ಲಿಂದ ಬಂತ್ರಿ?" ಅಂದಳು ಒಬ್ಬಳು. ಮಳೆಯ ನೀರು ತೂತಿನ ಕೆಂಪು ಕಲ್ಲಲ್ಲಿ ಇಳಿಯುತ್ತ ಹೋಗುತ್ತದೆ. ಕೆಳಗಿನ ಕರಿ ಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ ಹೆಪ್ಪುಗಟ್ಟಿ ಆದದ್ದು. ಅದು ನೀರನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ತಡೆದ ನೀರು ಅಡ್ಡಕ್ಕೆ ಸರಿದು ಗುಡ್ಡದ ಮಗ್ಗುಲಲ್ಲಿ ಹೊರಬೀಳುತ್ತದೆ. ಬೀದರಿನ ಕಥೆಯೂ ಇದೇ. ಬಹಮನಿಗಳ ಕಾಲದಲ್ಲಿ ನೌಬಾದಿನ ಸುರಂಗ ಬಾವಿ, ಅಂದರೆ ನೆಲದಡಿಯ ನೀರಿನ ಕಾಲುವೆ, ತೋಡಿದವರು ಈ ಕೆಂಪು ಕಲ್ಲಿನ ಗುಟ್ಟು ತಿಳಿದವರು. ಅಷ್ಟರಲ್ಲಿ ಒಬ್ಬ, "ನಮ್ಮಜ್ಜಿ ಊರು ಬೀದರ್ ರೀ. ಝರಣಿ ನರಸಿಂಹನ ಗುಹ್ಯಾಗ ಎದಿಮಟ ನೀರಾಗ ನಡದೀನಿ. ಆ ನೀರೂ ಹಿಂಗೇ ಏನ್ರಿ?" ಅಂದ. ಹೂಂ ಅಂದೆ. ದೇವರ ನೀರು ಅಂತ ಅವನು ತಲೆಯ ಮೇಲೆ ಸುರಿದುಕೊಂಡದ್ದು ಈಗ ಅವನಿಗೆ ಕಲ್ಲಿನ ನೀರೂ ಆಯಿತು. ಒಂದರಿಂದ ಇನ್ನೊಂದಕ್ಕೆ ಕುಂದೇನೂ ಬರಲಿಲ್ಲ ಅಂತ ನನ್ನ ಎಣಿಕೆ.

ಇಳಿದು ತಾಂಡಾಕ್ಕೆ ಹೋದೆವು. ಮಕ್ಕಳ ಹಿಂಡು ಕಂಡ ಮುದುಕಿಯೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಕ್ಕುಪತ್ರದ ಮಂದಿ ಏನ್ರಿ?" ಅಂದರು. 2023ರ ಜನವರಿಯಲ್ಲಿ ಮಳಖೇಡದಲ್ಲಿ ಐದು ಜಿಲ್ಲೆಗಳ ತಾಂಡಾದ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಮನೆ ಜಾಗದ ಹಕ್ಕುಪತ್ರ ಕೊಟ್ಟ ಮೇಲೆ ಎಲ್ಲ ತಾಂಡಾಗಳಲ್ಲೂ ಆ ಆಸೆ ಇದೆ. ಅಲ್ಲ ಯಾಡಿ, ಸಾಲಿ ಮಾಸ್ತರ್ ಅಂದೆ. ಲಂಬಾಣಿಯಲ್ಲಿ ಯಾಡಿ ಅಂದರೆ ಅವ್ವ. ನಿರಾಸೆಯಾದರೂ ಕೂಡಿಸಿ ನೀರು ಕೊಟ್ಟರು.

ಮೊದಲು ಬೇಸಿಗೆ ಬಂತೆಂದರೆ ಬೀಡಿ ಎಲೆ ಕಿತ್ತು ಕಟ್ಟು ಕಟ್ಟಿ ಮಾರುತ್ತಿದ್ದರಂತೆ, ನಾಕು ಕಾಸು ಕಾಣುತ್ತಿತ್ತಂತೆ. ವನ್ಯಧಾಮ ಆದ ಮೇಲೆ ಎಲೆಗೂ ತಡೆ, ದನ ಬಿಡುವುದಕ್ಕೂ ತಡೆ. ದೀಪಾವಳಿ ಮುಗಿದರೆ ಅರ್ಧ ತಾಂಡಾ ಪುಣೆ, ಮುಂಬೈ, ಹೈದರಾಬಾದಿಗೆ ಹೋಗುತ್ತದೆ, ತೊಗರಿ ಬಿತ್ತುವ ಹೊತ್ತಿಗೆ ವಾಪಸು. "ಕಾಡು ಉಳಿಬೇಕ್ರಿ, ನಮಗ ಗೊತ್ತದ. ನಾವೂ ಉಳಿಬೇಕಲ್ಲ?" ಅಂದರು ಯಾಡಿ. ಹಿಂದಿನ ಸಂಜೆ ಎಲೆ ಕೀಳಬೇಡಿ ಅಂತ ಗದರಿದ್ದ ಕಾಕಾ ಪಕ್ಕದಲ್ಲೇ ನೆಲ ನೋಡುತ್ತ ಕೂತಿದ್ದರು. ಅವರ ಸಂಬಳ ಕಾಡು ಕಾಯುವುದಕ್ಕೆ, ಅವರ ಮನೆ ಈ ಓಣಿಯಲ್ಲಿ. ಪರಿಸರ ಶಿಬಿರಗಳಲ್ಲಿ ಮಕ್ಕಳಿಗೆ ಹಕ್ಕಿಯ ಹೆಸರು ಕಲಿಸಿ ಈ ಮಾತು ಬಿಟ್ಟುಬಿಡುತ್ತೇವೆ. ಕಾನೂನು ಬೇಡ ಅಂತ ನಾನು ಹೇಳುತ್ತಿಲ್ಲ. ತಡೆ ಇಲ್ಲದಿದ್ದರೆ ಆ ಕತ್ತೆಕಿರುಬವೂ ಉಳಿಯುತ್ತಿರಲಿಲ್ಲ. ಆದರೆ ಅದರ ಬೆಲೆ ಕಟ್ಟುತ್ತಿರುವವರು ಯಾರು ಅನ್ನುವುದು ಹದಿನಾಲ್ಕರ ಮಕ್ಕಳಿಗೆ ಅರ್ಥವಾಗದ ವಿಷಯವೇನಲ್ಲ.

ನಮ್ಮ ಹುಡುಗಿಯರ ವಯಸ್ಸಿನವಳೇ ಒಬ್ಬಳು ಬಾಗಿಲಿಗೆ ಒರಗಿ ನಿಂತಿದ್ದಳು. ಪುಣೆಯಿಂದ ಬಂದು ಸ್ವಲ್ಪ ದಿನವಾಗಿತ್ತು. "ನೀ ತೋಳ ನೋಡೀಯೇನ?" ಅಂತ ನಮ್ಮವಳು ಕೇಳಿದಳು. "ನೋಡೀನಿ. ನೀ ಹತ್ತೊಂಬತ್ತನೇ ಮಾಳಗಿ ಮ್ಯಾಲಿಂದ ಊರು ನೋಡೀಯೇನ? ಇನ್ನಾ ಗ್ವಾಡಿ ಕಟ್ಟಿರಲ್ಲ, ಗಾಳಿ ಬಾಳ ಇರ್ತದ" ಅಂದಳು ಅವಳು. ನಮ್ಮವಳಿಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಇಬ್ಬರೂ ಶ್ರಾವಣದ ತೀಜ್ ಹಬ್ಬದ ಮಾತಿಗಿಳಿದರು: ಮದುವೆಯಾಗದ ಹುಡುಗಿಯರು ಬುಟ್ಟಿಯಲ್ಲಿ ಗೋಧಿ ಬಿತ್ತಿ, ಒಂಬತ್ತು ದಿನ ನೀರು ಹಾಕಿ, ಹಾಡು ಹೇಳಿ ಸಸಿ ಬೆಳೆಸುವುದು. "ಬರ್ರಿ, ಬುಟ್ಟಿ ಕೊಡ್ತೀನಿ" ಅಂತ ಕರೆದೇಬಿಟ್ಟಳು.

ಬಸ್ಸಿನಲ್ಲಿ ವಾಪಸು ಬರುವಾಗ ದೊಡ್ಡ ಜಗಳ. ಹುಡುಗರು ಮಳೆಗಾಲದಲ್ಲಿ ಬಂದು ಎತ್ತಿಪೋತ ಜಲಪಾತ ನೋಡಬೇಕು ಅಂತ; ಹುಡುಗಿಯರು ಶ್ರಾವಣ ಬಿಟ್ಟು ಬೇರೆ ಮಾತಾಡಲು ತಯಾರಿಲ್ಲ. ನನ್ನ ಓಟು ಮತ್ತೆ ಮೇ ತಿಂಗಳಿಗೇ ಅಂದದ್ದಕ್ಕೆ ಇಡೀ ಬಸ್ಸು ಹೋ ಎಂದು ಕೂಗಿತು. ಕಡೆಗೆ ಹುಡುಗಿಯರೇ ಗೆದ್ದು, ಊರು ಮುಟ್ಟುವುದರೊಳಗೆ ಅರ್ಜಿ ಬರೆದು ಮುಗಿಸಿದ್ದರು. ಅರ್ಜಿ ಈಗ ಮುಖ್ಯೋಪಾಧ್ಯಾಯಿನಿಯವರ ಮೇಜಿನ ಮೇಲಿದೆ. "ಶ್ರಾವಣದಾಗ ಘಟಕ ಪರೀಕ್ಷಾ ಇರ್ತಾವಲ್ರಿ ಸರ್, ಪಾಲಕರಿಗೆ ನೀವೇ ಹೇಳ್ತೀರೇನು?" ಅಂತ ನನ್ನನ್ನೇ ಕೇಳಿದ್ದಾರೆ. ಹೇಳಬೇಕು.