ದರಿಯಾ ದೌಲತ್: ಸೋತವರೇ ಮತ್ತೆ ಬರೆಸಿದ ಚಿತ್ರ

"ಅಮ್ಮಾ, ಇದು ಅರಮನೆನಾ? ಸಿಂಹಾಸನ ಎಲ್ಲಿ?"

ಶ್ರೀರಂಗಪಟ್ಟಣದ ದರಿಯಾ ದೌಲತ್ ತೋಟದಲ್ಲಿ ನಡೆಯುತ್ತಾ ಆರು ವರ್ಷದ ಮಗಳು ಕೇಳಿದಳು. ಹಿಂದಿನ ದಿನ ಮೈಸೂರು ಅರಮನೆ ನೋಡಿ ಬಂದ ಕಣ್ಣಿಗೆ ಇದು ಪುಟ್ಟ ಮನೆಯ ಹಾಗೆ ಕಂಡಿರಬೇಕು. ತಂಗಿಯ ಮಗನಿಗೆ ಒಂಬತ್ತು ವರ್ಷ. ಅವನ ಮುಖವೂ ಸಪ್ಪಗಿತ್ತು.

"ಬೇಸಿಗೆ ರಜಕ್ಕೆ ನಾವು ಅಜ್ಜಿ ಮನೆಗೆ ಹೋಗ್ತೀವಲ್ವಾ? ಹಾಗೇ ಟಿಪ್ಪು ಸುಲ್ತಾನ್ ಸೆಕೆಗಾಲದಲ್ಲಿ ಇಲ್ಲಿಗೆ ಬರ್ತಿದ್ದ. ಅವನ ದೊಡ್ಡ ಅರಮನೆ ಕೋಟೆಯೊಳಗೆ ಇತ್ತು. ಅದು ಈಗ ಇಲ್ಲ" ಎಂದೆ.

ಇದು 1784ರ ಬೇಸಿಗೆ ಅರಮನೆ. ಪಕ್ಕದಲ್ಲೇ ಕಾವೇರಿ, ಸುತ್ತ ತೋಟ, ಎತ್ತರದ ಜಗಲಿ, ತೇಗದ ಕಂಬಗಳು. ಜಗಲಿ ಹತ್ತಿದ ಕೂಡಲೇ ಮಗಳು, "ಫ್ಯಾನ್ ಇಲ್ದೇನೇ ತಂಪು!" ಎಂದಳು. ನದಿ ಪಕ್ಕ ಯಾಕೆ ಕಟ್ಟಿದರು ಅಂತ ಆಮೇಲೆ ನಾನು ಹೇಳಬೇಕಾಗಲೇ ಇಲ್ಲ.

ಇಲ್ಲಿನ ನಿಜವಾದ ಸಂಪತ್ತು ಪಡುವಣ ಗೋಡೆ. ಬಿಸಿಲಿಗೆ ಬಣ್ಣ ಮಾಸದಿರಲಿ ಅಂತ ಹೊರಗೆ ಪರದೆ ಇಳಿಬಿಟ್ಟಿದ್ದಾರೆ. ಮಬ್ಬು ಬೆಳಕಿಗೆ ಕಣ್ಣು ಹೊಂದಿಕೊಳ್ಳುತ್ತಿದ್ದಂತೆ ಆನೆ, ಕುದುರೆ, ಸೈನಿಕರು ಒಬ್ಬೊಬ್ಬರಾಗಿ ಗೋಡೆಯಿಂದ ಎದ್ದು ಬರುತ್ತಾರೆ. ಮಕ್ಕಳಿಗೆ ಇಸವಿ ಹೇಳುತ್ತಾ ನಿಂತರೆ ಎರಡೇ ನಿಮಿಷಕ್ಕೆ ಬೇಜಾರಾಗುತ್ತದೆ. ಅದಕ್ಕೆ ಒಂದು ಆಟ ಹೂಡಿದೆ. "ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚಿಕೊಳ್ತಿರೋ ಸಾಹೇಬನನ್ನು ಹುಡುಕಿ ನೋಡೋಣ!"

ಮೊದಲು ಸಿಕ್ಕಿದ್ದು ಮಗಳಿಗೆ. ಅವನೇ ಇಂಗ್ಲಿಷರ ಸೇನಾನಿ ಕರ್ನಲ್ ಬೇಲಿ. 1780ರ ಸೆಪ್ಟೆಂಬರಿನಲ್ಲಿ ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಹೈದರಾಲಿ ಮತ್ತು ಅವನ ಮಗ ಟಿಪ್ಪು ಇಂಗ್ಲಿಷರ ಸೇನೆಯನ್ನು ಸುತ್ತುವರಿದರು. ಇಂಗ್ಲಿಷರ ಮದ್ದಿನ ಬಂಡಿಗೆ ಬೆಂಕಿ ಬಿದ್ದು ಸಿಡಿಯಿತು. ಕೆಂಪು ಕೋಟಿನವರು ಸೋತರು. ಆ ಸಿಡಿತವೂ ಗೋಡೆಯ ಮೇಲಿದೆ. ತಂಗಿಯ ಮಗ ಅಲ್ಲೇ ಬಹಳ ಹೊತ್ತು ನಿಂತ.

"ದೊಡ್ಡಮ್ಮ, ಇದನ್ನ ಯಾರು ಬರೆಸಿದ್ದು?"

"ಗೆದ್ದ ಟಿಪ್ಪು. ಆದರೆ ನಡುವೆ ಚಿತ್ರ ಹಾಳಾಗಿತ್ತು. ಟಿಪ್ಪು ಸತ್ತು ಐವತ್ತು ವರ್ಷ ಕಳೆದ ಮೇಲೆ ಇಂಗ್ಲಿಷರ ಗವರ್ನರ್ ಜನರಲ್ ಡಾಲ್‌ಹೌಸಿ ಅದನ್ನು ಮತ್ತೆ ಬರೆಸಿದ."

"ಸೋತಿದ್ದನ್ನ ಸೋತವರೇ ಬರೆಸಿದ್ರಾ?" ಅವನ ಕಣ್ಣು ಅಗಲವಾಯಿತು. ನನಗೂ ಈ ಅರಮನೆಯಲ್ಲಿ ತುಂಬಾ ಇಷ್ಟದ ಸಂಗತಿ ಇದೇ. ಚಿತ್ರ ಚೆನ್ನಾಗಿದ್ದರೆ ಶತ್ರುವಿಗೂ ಅದನ್ನು ಅಳಿಸಲು ಮನಸ್ಸು ಬರುವುದಿಲ್ಲ ಅಂತ ನಾನು ನಂಬುತ್ತೇನೆ.

ಒಳಗೆ ಮ್ಯೂಸಿಯಂ. ಗೋಡೆ ತುಂಬಾ ಹೂಬಳ್ಳಿ. ಇಲ್ಲಿ ಇಂಗ್ಲಿಷ್ ಕಲಾವಿದರ ಚಿತ್ರಗಳಿವೆ. 1799ರ ಮೇ 4ರಂದು ಕೋಟೆ ಬಿದ್ದ ಯುದ್ಧದ ಚಿತ್ರದಲ್ಲಿ ಕೆಂಪು ಕೋಟಿನವರೇ ವೀರರು. "ಹೊರಗೆ ಅಳ್ತಿದ್ದೋರು ಇಲ್ಲಿ ಗೆಲ್ತಿದಾರೆ" ಎಂದ ಹುಡುಗ. ಎರಡೂ ಕಡೆಯ ಚಿತ್ರ ಒಂದೇ ಸೂರಿನಡಿ ಸಿಗುವ ಜಾಗ ಅಪರೂಪ. ನಾಣ್ಯ, ಕತ್ತಿಗಳ ಮುಂದೆ ನಾವು ಜಾಸ್ತಿ ನಿಲ್ಲಲಿಲ್ಲ.

ಮಗಳು ನಿಂತಿದ್ದು ಟಿಪ್ಪುವಿನ ಮಕ್ಕಳ ಚಿತ್ರದ ಎದುರು. 1792ರಲ್ಲಿ ಯುದ್ಧ ಸೋತಾಗ ಟಿಪ್ಪು ಇಬ್ಬರು ಚಿಕ್ಕ ಗಂಡುಮಕ್ಕಳನ್ನು ಇಂಗ್ಲಿಷರಿಗೆ ಒತ್ತೆಯಾಗಿ ಕೊಡಬೇಕಾಯಿತು. ಅವರನ್ನು ಮದ್ರಾಸಿಗೆ ಕರೆದೊಯ್ದರು. ಹೇಳಬೇಕೋ ಬೇಡವೋ ಅಂತ ಯೋಚಿಸಿ, ಹೇಳಿಯೇಬಿಟ್ಟೆ.

"ವಾಪಸ್ ಬಂದ್ರಾ?"

"ಬಂದರು ಪುಟ್ಟಿ. 1794ರಲ್ಲಿ ದೇವನಹಳ್ಳಿಯಲ್ಲಿ ಅಪ್ಪನ ಹತ್ತಿರ ಬಂದರು."

"ಎಷ್ಟು ರಾತ್ರಿ ಆಗಿತ್ತು?"

ಏಳುನೂರಕ್ಕಿಂತ ಜಾಸ್ತಿ ಎಂದೆ. ಅವಳು ಏನೂ ಮಾತಾಡಲಿಲ್ಲ. ಗೇಟು ದಾಟುವವರೆಗೂ ನನ್ನ ಕೈ ಬಿಡಲಿಲ್ಲ.