ಹಡಗಿನ ಹುಡುಗರ ಪಾಲು, ನಾನು ಬರೆಯದೆ ಬಿಟ್ಟ ಸಾಲು

ಮೈಸೂರಿನಲ್ಲಿ ಪ್ರವಾಸದ ಟಿಕೆಟ್ ಮಾಡಿಸಿಕೊಡುವ ಕಚೇರಿಯೊಂದರಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮೊದಲು ನಮ್ಮಲ್ಲಿಗೆ ಬರುತ್ತಿದ್ದವರು ಕೇಳುತ್ತಿದ್ದದ್ದು ಹೆಚ್ಚಾಗಿ ಕಾಶಿ, ರಾಮೇಶ್ವರ. ಈಗ ಸಿಂಗಪುರಕ್ಕೆ ಹೊರಟವರು ಅಲ್ಲಿಂದ ಮೂರು ನಾಲ್ಕು ರಾತ್ರಿಯ ಕ್ರೂಸ್ ಹಡಗನ್ನೂ ಸೇರಿಸಿ ಎನ್ನುತ್ತಾರೆ. ಹೀಗೆ ಸೇರಿಸುವಾಗ ನಾನು ಮಾಡಿದ ತಪ್ಪೊಂದನ್ನು ಬರೆಯುತ್ತಿದ್ದೇನೆ. ಹಡಗಿನಲ್ಲಿ ಭಕ್ಷೀಸು ಯಾರಿಗೆ, ಯಾವಾಗ, ಎಷ್ಟು ಎಂಬುದನ್ನು ನಾನು ಸರಿಯಾಗಿ ಕಲಿತದ್ದು ಆ ತಪ್ಪಿನ ನಂತರವೇ.

ಸರಸ್ವತೀಪುರಂ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಹೆಂಡತಿ, ಮಗ, ಸೊಸೆ, ಮೊಮ್ಮಗಳೊಂದಿಗೆ ಹೊರಟಿದ್ದರು. ಇನ್ನೊಂದು ಕಡೆಯೂ ದರ ಕೇಳಿಕೊಂಡು ಬಂದಿದ್ದರು. ನಮ್ಮ ಕೊಟೇಷನ್ ಅದಕ್ಕಿಂತ ಕಡಿಮೆ ಕಾಣಲಿ ಎಂದು ಹಡಗಿನವರು ದಿನಕ್ಕಿಷ್ಟೆಂದು ಹಾಕುವ ಗ್ರಾಚುಯಿಟಿಯನ್ನು, ಎಂದರೆ ಸಿಬ್ಬಂದಿಯ ಭಕ್ಷೀಸಿನ ಹಣವನ್ನು, ಬರೆಯದೆ ಬಿಟ್ಟೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಹಡಗಿನ ಶುಲ್ಕಗಳು ಪ್ರತ್ಯೇಕ’ ಎಂದಿತ್ತು, ಅಷ್ಟೆ. ಐದು ಜನ, ನಾಲ್ಕು ರಾತ್ರಿ, ತಲೆಗೆ ದಿನಕ್ಕೆ 18 ಡಾಲರ್. ಒಟ್ಟು 360 ಡಾಲರ್, ಆಗಿನ ದರದಲ್ಲಿ ಸುಮಾರು 30,000 ರೂಪಾಯಿ. ಮೂರನೆಯ ದಿನ ಕೋಣೆಯ ಟಿವಿಯಲ್ಲಿ ಲೆಕ್ಕ ನೋಡಿದ ಮೇಷ್ಟ್ರು ಹಡಗಿನಿಂದಲೇ ವಾಟ್ಸ್‌ಆ್ಯಪ್ ಕರೆ ಮಾಡಿದರು.

“ಗ್ರಾಚುಯಿಟಿ ಎಂದರೆ ನಾನು ರಿಟೈರ್ ಆದಾಗ ಸರ್ಕಾರ ನನಗೆ ಕೊಟ್ಟ ದುಡ್ಡಮ್ಮ. ಇಲ್ಲಿ ನನ್ನಿಂದಲೇ ತೆಗೆದುಕೊಳ್ಳುತ್ತಿದ್ದಾರಲ್ಲ, ಇದು ಯಾವ ಗ್ರಾಚುಯಿಟಿ?”

ಆ ಪ್ರಶ್ನೆಗೆ ಆವತ್ತು ನನ್ನ ಬಳಿ ನೆಟ್ಟಗೆ ಉತ್ತರವಿರಲಿಲ್ಲ. ಅದು ಕಡ್ಡಾಯವಲ್ಲ, ಬೇಡವೆಂದರೆ ತೆಗೆಸಬಹುದು ಎಂದುಬಿಟ್ಟೆ. ಮಾತೇನೋ ನಿಜ. ಹೋಟೆಲಿನ ಸರ್ವೀಸ್ ಚಾರ್ಜ್ ಕಡ್ಡಾಯವಲ್ಲವೆಂದು 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೇಳಿದ್ದನ್ನು ಮೇಷ್ಟ್ರು ಪತ್ರಿಕೆಯಲ್ಲಿ ಓದಿದ್ದರು. ಸೀದಾ ಹಡಗಿನ ಗ್ರಾಹಕ ಸೇವೆಯ ಕೌಂಟರಿಗೆ ಹೋಗಿ ಐದೂ ಜನರ ಮೊತ್ತವನ್ನು ತೆಗೆಸಿದರು. ಹೊರಡುವ ದಿನ ಕೋಣೆಯ ಹುಡುಗನ ಕೈಗೆ 10 ಡಾಲರ್ ಇಟ್ಟು ಬಂದರು.

ಇದಾಗಿ ಎರಡು ತಿಂಗಳಿಗೆ ಪಾಂಡವಪುರದ ಕಡೆಯ ಹುಡುಗನೊಬ್ಬ ವಿಮಾನದ ಟಿಕೆಟ್ಟಿಗೆಂದು ಕಚೇರಿಗೆ ಬಂದ. ಬೇರೊಂದು ಹಡಗಿನಲ್ಲಿ ಕ್ಯಾಬಿನ್ ಸ್ಟೂವರ್ಡ್, ಎಂದರೆ ಕೋಣೆಗಳನ್ನು ನೋಡಿಕೊಳ್ಳುವವನು. ರಜೆ ಮುಗಿಸಿ ಮತ್ತೆ ಎಂಟು ತಿಂಗಳ ಕಾಂಟ್ರ್ಯಾಕ್ಟಿಗೆ ಹೊರಟಿದ್ದ. ಟಿಕೆಟ್ ಮುದ್ರಣವಾಗುವವರೆಗೆ ಮಾತಾಡಿಸಿದೆ. ದಿನಕ್ಕೆ ಹದಿನೆಂಟು ಕೋಣೆ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ವಾರದ ರಜೆ ಎಂಬುದು ಅವನಿಗಿಲ್ಲ. ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಬೇಕೆಂಬುದು ನಾವಿಕ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದದ ನಿಯಮ. ಭಾರತವೂ 2015ರಲ್ಲಿ ಅದಕ್ಕೆ ಅನುಮೋದನೆ ನೀಡಿದೆ. ವಾರದ 168 ಗಂಟೆಯಲ್ಲಿ 77 ಕಳೆದು ನೋಡಿ, ಎಷ್ಟು ಉಳಿಯುತ್ತದೆ!

ಮಾತಿನ ನಡುವೆ ಅವನು ನನ್ನ ಕುರ್ಚಿಯ ಬೆನ್ನಿಗಿದ್ದ ಬಿಳಿ ಟವಲನ್ನು ಎತ್ತಿಕೊಂಡ. ಎರಡೂ ತುದಿಯಿಂದ ಸುರುಳಿ ಸುತ್ತಿ, ಬಗ್ಗಿಸಿ, ನಾಲ್ಕು ಕಾಲು ಮಾಡಿ ಮೇಜಿನ ಮೇಲೆ ನಿಲ್ಲಿಸಿದ. ಮುಖ ಒರೆಸುವ ಚಿಕ್ಕ ಬಟ್ಟೆಯನ್ನು ಮಡಿಸಿ ಸೊಂಡಿಲು ಇಳಿಬಿಟ್ಟು, ಕಿವಿಗಳನ್ನು ಎಳೆದು ಸರಿ ಮಾಡಿದ. ಎರಡು ನಿಮಿಷವೂ ಆಗಿರಲಿಲ್ಲ, ಮೇಜಿನ ಮೇಲೆ ಆನೆ. “ಇದು ದಸರಾ ಆನೆ ಎಂದು ಅಲ್ಲಿ ಯಾರಿಗೂ ಗೊತ್ತಿಲ್ಲ ಅಕ್ಕಾ” ಎಂದು ನಕ್ಕ. ಅವನ ಬೆರಳ ಸಂದುಗಳಲ್ಲಿ ಚರ್ಮ ಸುಲಿದು ಬೆಳ್ಳಗಾಗಿತ್ತು. ಬಾತ್‌ರೂಮ್ ತೊಳೆಯುವ ದ್ರಾವಣದಿಂದ ಆದದ್ದಂತೆ.

ಅವನ ಮುಂದೆ ಮೇಷ್ಟ್ರ ಕಥೆ ಹೇಳಿದೆ. ಸಿಟ್ಟೇನೂ ಮಾಡಿಕೊಳ್ಳಲಿಲ್ಲ. “ಅವರು ಕೊಟ್ಟ ಹತ್ತು ಡಾಲರ್ ಕೋಣೆಯವನಿಗೆ ಸಿಕ್ಕಿತು. ಊಟ ಬಡಿಸಿದವನಿಗೆ, ಅವನ ಸಹಾಯಕನಿಗೆ, ಕೆಳಗೆ ಬಟ್ಟೆ ಒಗೆಯುವವನಿಗೆ ಏನೂ ಹೋಗಲಿಲ್ಲ” ಎಂದ. ನಾನು ನುಣುಚಿಕೊಂಡಿದ್ದ ಉತ್ತರ ಇದೇ. ದಿನಕ್ಕಿಷ್ಟು ಎಂದು ಸೇರುವ ಹಣ ಹಂಚಿಕೆಯಾಗುವುದು ಹೀಗೆ ಹಲವರಿಗೆ. ಅವರಲ್ಲಿ ಅರ್ಧ ಜನರ ಮುಖವನ್ನೂ ನಾವು ನೋಡಿರುವುದಿಲ್ಲ. ಹೆಸರು ಭಕ್ಷೀಸಾದರೂ ಅವರ ತಿಂಗಳ ಸಂಪಾದನೆಯ ದೊಡ್ಡ ಭಾಗ ಅದೇ.

ಹಾಗಾಗಿ ಈಗ ಕೊಟೇಷನ್‌ನಲ್ಲಿ ಟಿಕೆಟ್ ದರದ ಕೆಳಗೇ, ಅದೇ ಗಾತ್ರದ ಅಕ್ಷರದಲ್ಲಿ, ‘ಹಡಗಿನ ಸಿಬ್ಬಂದಿಯ ಸೇವಾ ಹಣ’ ಎಂಬ ಸಾಲು ಬರೆಯುತ್ತೇನೆ. ದರ ಕಂಪನಿಯಿಂದ ಕಂಪನಿಗೆ ಬೇರೆ. 2023ರಲ್ಲಿ ಕಾರ್ನಿವಲ್ ಸಾಮಾನ್ಯ ಕೋಣೆಗೆ ತಲೆಗೆ ದಿನಕ್ಕೆ 16 ಡಾಲರ್ ಮಾಡಿತು, ಅದೇ ವರ್ಷದ ಕೊನೆಗೆ ರಾಯಲ್ ಕೆರಿಬಿಯನ್ 18ಕ್ಕೆ ಏರಿಸಿತು. ಸೂಟ್ ಕೋಣೆಗಳಿಗೆ ಇನ್ನೂ ಹೆಚ್ಚು. ರೀಜೆಂಟ್, ಸಿಲ್ವರ್‌ಸೀ ತರಹದ ದುಬಾರಿ ಹಡಗುಗಳಲ್ಲಿ ಇದು ಟಿಕೆಟ್ಟಿನಲ್ಲೇ ಸೇರಿರುತ್ತದೆ. ಬ್ರಿಟನ್ನಿನ ಪಿ ಆ್ಯಂಡ್ ಓ ಕೂಡ 2019ರಿಂದ ಪ್ರತ್ಯೇಕವಾಗಿ ಕೇಳುವುದನ್ನು ನಿಲ್ಲಿಸಿತು. ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆ ಹೊರಡುವವರೂ ಹಣ ಕಟ್ಟುವ ಮೊದಲು ಇದೊಂದನ್ನು ಕೇಳಿ ತಿಳಿದುಕೊಳ್ಳಿ. ಸಾಧ್ಯವಿದ್ದರೆ ಟಿಕೆಟ್ಟಿನ ಜೊತೆಗೇ ಕಟ್ಟಿಬಿಡಿ. ಆಗ ಪ್ರವಾಸದ ಕೊನೆಯ ರಾತ್ರಿ ಲೆಕ್ಕದ ಚೀಟಿ ನೋಡಿ ಎದೆ ಹೊಡೆದುಕೊಳ್ಳುವುದು ತಪ್ಪುತ್ತದೆ.

ಇದರ ಮೇಲೆ ಕೊಡುವುದು ನಿಮ್ಮ ಮನಸ್ಸು. ಕೋಣೆಯ ಹುಡುಗ ಚೆನ್ನಾಗಿ ನೋಡಿಕೊಂಡಿದ್ದರೆ ನಾಲ್ಕು ರಾತ್ರಿಗೆ ಒಂದು ಕೋಣೆಯಿಂದ 10ರಿಂದ 20 ಡಾಲರ್ ಕೊಡಿ ಎನ್ನುತ್ತೇನೆ. ಕೊಡುವುದು ಕೊನೆಯ ಸಂಜೆಯೇ ಆಗಲಿ, ಇಳಿಯುವ ಬೆಳಿಗ್ಗೆ ಅವನು ಎದುರಿಗೆ ಸಿಗುವುದೇ ಕಷ್ಟ. ವಯಸ್ಸಾದವರು, ಗಾಲಿಕುರ್ಚಿಯವರು, ಪುಟ್ಟ ಮಕ್ಕಳು ಇದ್ದರೆ ಮೊದಲ ದಿನವೇ ಸ್ವಲ್ಪ ಕೊಟ್ಟು ನಿಮ್ಮ ಅಗತ್ಯ ಹೇಳಿಕೊಳ್ಳುವುದು ಮೇಲು. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟವನ್ನು ದಿನವೂ ಮರೆಯದೆ ಮಾಡಿಸಿ ತಂದ ಬಡಿಸುವವನನ್ನೂ ಮರೆಯಬೇಡಿ. ಅಂಥ ಊಟಕ್ಕಾಗಿ ಅವನು ಅಡುಗೆಮನೆಯಲ್ಲಿ ಎಷ್ಟು ಓಡಾಡಿರುತ್ತಾನೆಂದು ಜೈನ ಕುಟುಂಬಗಳನ್ನು ಕಳಿಸಿದ ಮೇಲೆ ನನಗೆ ತಿಳಿಯಿತು. ಕೋಣೆಗೆ ತಿಂಡಿ ತಂದವನಿಗೆ ಎರಡು ಮೂರು ಡಾಲರ್ ಸಾಕು. ಬಾರಿನ ಬಿಲ್ಲಿಗೆ ಶೇ 18ರಷ್ಟು ಆಗಲೇ ಸೇರಿರುವುದು ಸಾಮಾನ್ಯ, ಕೆಳಗೆ ಇನ್ನೊಂದು ಖಾಲಿ ಗೆರೆ ಬಿಟ್ಟಿದ್ದರೆ ಅದನ್ನು ತುಂಬಲೇಬೇಕೆಂದಿಲ್ಲ. ಕ್ಯಾಪ್ಟನ್, ಅಧಿಕಾರಿಗಳು, ವೈದ್ಯರಿಗೆ ಕೊಡಹೋಗಬೇಡಿ, ಅವರಿಗೆ ಅದು ಮುಜುಗರ.

ಸೇವೆ ಸರಿಯಿಲ್ಲದಿದ್ದರೆ ಆವತ್ತೇ ಕೌಂಟರಿನಲ್ಲಿ ಹೇಳಿ ಸರಿಪಡಿಸಿಕೊಳ್ಳಿ. ಒಬ್ಬನ ಮೇಲಿನ ಕೋಪಕ್ಕೆ ಎಲ್ಲರ ಪಾಲನ್ನೂ ತೆಗೆಸುವುದು ನ್ಯಾಯವಲ್ಲ. ನಾಣ್ಯಗಳನ್ನಂತೂ ಕೊಡಲೇಬೇಡಿ, ಅವನು ಬದಲಾಯಿಸಿಕೊಳ್ಳುವುದೆಲ್ಲಿ? ನಮ್ಮ ರೂಪಾಯಿಯೂ ಫಿಲಿಪ್ಪೀನ್ಸಿನ ಹುಡುಗನಿಗೆ ಉಪಯೋಗಕ್ಕೆ ಬಾರದು. ಇಲ್ಲಿಂದ ಹೊರಡುವಾಗಲೇ ಒಂದು ಮತ್ತು ಐದು ಡಾಲರಿನ ನೋಟುಗಳನ್ನು ಕೇಳಿ ಪಡೆಯಿರಿ. ಹಣ ಬದಲಾಯಿಸುವವರಲ್ಲಿ ಚಿಲ್ಲರೆ ನೋಟು ಸುಲಭಕ್ಕೆ ಸಿಗುವುದಿಲ್ಲ, ನಾಲ್ಕು ದಿನ ಮೊದಲೇ ಹೇಳಿಡಬೇಕು.

ಮೇಷ್ಟ್ರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿ ಕ್ಷಮೆ ಕೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಮೊದಲೇ ಹೇಳಿದ್ದರೆ ಕೊಡುತ್ತಿದ್ದೆನಲ್ಲ ತಾಯಿ, ನನ್ನ ಕೈಯಲ್ಲಿ ಯಾಕೆ ಹೀಗೆ ಮಾಡಿಸಿದೆ?” ಎಂದರು. ಕಳೆದ ತಿಂಗಳು ಅವರ ತಂಗಿಯ ಮನೆಯವರು ಕೊಟೇಷನ್ ಕೇಳಲು ಬಂದಾಗ ಮೇಷ್ಟ್ರೂ ಜೊತೆಗಿದ್ದರು. ಕನ್ನಡಕ ಹಾಕಿಕೊಂಡು ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿ, ಆ ಸಾಲಿನ ಮೇಲೆ ಬೆರಳಿಟ್ಟು ತಂಗಿಗೆ ಹೇಳಿದರು: “ಇದು ಆ ಹುಡುಗರದ್ದು. ಇದರಲ್ಲಿ ಚೌಕಾಸಿ ಮಾಡಬೇಡ.”