ರಕ್ತ ಏರಿಸಿದ ಮೇಲಿನ ಹಿಮೋಗ್ಲೋಬಿನ್: ಅಂಕಿಯನ್ನು ಓದುವ ಮುನ್ನ

ಆಸ್ಪತ್ರೆಯ ರಕ್ತಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡುವ ನಮಗೆ ವಾರ್ಡಿನಿಂದ ಆಗಾಗ ಬರುವ ಕರೆಯೊಂದಿದೆ: ‘ರಕ್ತ ಕೊಟ್ಟಾಯಿತು, ಹಿಮೋಗ್ಲೋಬಿನ್ ಮಾತ್ರ ಏರಿಲ್ಲ, ನಿಮ್ಮ ಮಷೀನ್ ಸರಿಯಿದೆಯೇ?’ ಮಷೀನ್ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಈ ರೋಗಿಗೆ ಎಷ್ಟು ಏರಬೇಕಿತ್ತು, ಸ್ಯಾಂಪಲ್ ಯಾವಾಗ ತೆಗೆದದ್ದು, ಯಾವ ಕೈಯಿಂದ ತೆಗೆದದ್ದು ಎಂಬುದನ್ನು ಮೊದಲು ವಿಚಾರಿಸಬೇಕೆಂಬುದನ್ನು ಈ ಕೆಲಸವೇ ನನಗೆ ಕಲಿಸಿದೆ.

ರಕ್ತಸ್ರಾವವಿಲ್ಲದ, ಸುಮಾರು 70 ಕಿಲೋ ತೂಕದ ವಯಸ್ಕರಲ್ಲಿ ಒಂದು ಯೂನಿಟ್ (ಒಂದು ಚೀಲ) ಕೆಂಪು ರಕ್ತಕಣವು ಹಿಮೋಗ್ಲೋಬಿನ್ ಅನ್ನು ಡೆಸಿಲೀಟರಿಗೆ ಸುಮಾರು 1 ಗ್ರಾಂನಷ್ಟು ಏರಿಸುತ್ತದೆ. ತೆಳ್ಳಗಿನವರಲ್ಲಿ ಏರಿಕೆ ಇದಕ್ಕಿಂತ ಹೆಚ್ಚು, ದಪ್ಪ ಮೈಯವರಲ್ಲಿ ಕಡಿಮೆ. ಹಳೆಯ ರಕ್ತಕಣಗಳನ್ನು ಸೋಸುವ ಅಂಗವಾದ ಗುಲ್ಮ ಊದಿಕೊಂಡಿದ್ದರೆ ಇನ್ನೂ ಕಡಿಮೆ. ಒಂದೆರಡು ದಶಾಂಶದ ವ್ಯತ್ಯಾಸವನ್ನು ಏರಿಕೆಯೆಂದೋ ಇಳಿಕೆಯೆಂದೋ ಕರೆಯಲಾಗದು, ಅಷ್ಟು ಏರುಪೇರು ಅಳತೆಯಲ್ಲೇ ಇರುತ್ತದೆ.

ಮರುದಿನ ಬೆಳಿಗ್ಗೆಯವರೆಗೆ ಕಾಯದೆ ಪರೀಕ್ಷಿಸಬಾರದು ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಆದರೆ ಸ್ಥಿರವಾಗಿರುವ ರೋಗಿಯಲ್ಲಿ ರಕ್ತ ಮುಗಿದ 15 ನಿಮಿಷಕ್ಕೆ ಸಿಗುವ ಅಂಕಿಗೂ 24 ಗಂಟೆಯ ನಂತರದ ಅಂಕಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ರಾತ್ರಿಯಿಡೀ ಹರಿದ ಸಲೈನ್, ನಡುವೆ ಆಗಿರಬಹುದಾದ ಸ್ರಾವ ಎಲ್ಲವೂ ಬೆಳಗಿನ ಅಂಕಿಯೊಳಗೆ ಸೇರಿಕೊಳ್ಳುವುದರಿಂದ ಯೂನಿಟ್ಟಿನ ಪರಿಣಾಮವೆಷ್ಟೆಂದು ಬಿಡಿಸಿ ಹೇಳುವುದು ಆಗ ಕಷ್ಟವಾಗುತ್ತದೆ. ತೀವ್ರ ನಿಗಾ ಘಟಕದ ರೋಗಿಗಳ ಕುರಿತು 1999ರಲ್ಲಿ ಪ್ರಕಟವಾದ ಅಧ್ಯಯನದ ಬಳಿಕ ಹಿಮೋಗ್ಲೋಬಿನ್ 7 ಗ್ರಾಂಗಿಂತ ಕೆಳಗಿಳಿದರೆ ರಕ್ತ ಕೊಡಬೇಕೆಂಬ ಮಿತಿ ವ್ಯಾಪಕವಾಗಿ ಬಳಕೆಗೆ ಬಂತು. ಸ್ಥಿರ ರೋಗಿಗೆ ಒಂದು ಯೂನಿಟ್ ಕೊಟ್ಟು, ಅಳೆದು, ರೋಗಿಯನ್ನೂ ನೋಡಿ ಎರಡನೆಯದನ್ನು ನಿರ್ಧರಿಸುವ ಪದ್ಧತಿ ನಿಂತಿರುವುದೇ ಈ ಬೇಗನೆಯ ಅಳತೆಯ ಮೇಲೆ. ಜೋರಾಗಿ ರಕ್ತ ಹೋಗುತ್ತಿರುವವರ ಮಾತು ಬೇರೆ, ಅಲ್ಲಿ ನಾಡಿ ಮತ್ತು ರಕ್ತದೊತ್ತಡಗಳು ನಮ್ಮ ರಿಪೋರ್ಟಿಗಿಂತ ಮೊದಲೇ ಮಾತನಾಡುತ್ತವೆ. ರಕ್ತ ಎಷ್ಟು ಹೊತ್ತಿಗೆ ಮುಗಿಯಿತೆಂದು ಪರೀಕ್ಷೆಯ ಚೀಟಿಯಲ್ಲಿ ಬರೆದರೆ ನಮ್ಮ ಅರ್ಧ ಕೆಲಸ ಹಗುರಾಗುತ್ತದೆ. ಆ ಜಾಗ ಮಾತ್ರ ಸಾಮಾನ್ಯವಾಗಿ ಖಾಲಿಯಾಗಿಯೇ ಬರುತ್ತದೆ.

ಯಾವ ಕೈ ಎಂಬ ಪ್ರಶ್ನೆ ಸಣ್ಣದಾಗಿ ಕಂಡರೂ ಸಣ್ಣದಲ್ಲ. ರಕ್ತ ಕೊಡುವ ಮುನ್ನ 7.1 ಇದ್ದ ರೋಗಿಯೊಬ್ಬರ ಅಂಕಿ ಕೊಟ್ಟ ಮೇಲೆ 5.2 ಎಂದು ಬಂದಿತ್ತು. ವಾರ್ಡಿನಲ್ಲಿ ಇನ್ನೆರಡು ಯೂನಿಟ್‌ಗಳಿಗೆ ಸಿದ್ಧತೆ ನಡೆದಿತ್ತು. ಆದರೆ ಅದೇ ರಿಪೋರ್ಟಿನಲ್ಲಿ ಬಿಳಿ ರಕ್ತಕಣಗಳು 9,600ರಿಂದ 6,200ಕ್ಕೂ ಪ್ಲೇಟ್‌ಲೆಟ್‌ಗಳು 2,40,000ದಿಂದ 1,56,000ಕ್ಕೂ ಇಳಿದಿದ್ದವು. ಕೆಲವೇ ಗಂಟೆಗಳಲ್ಲಿ ಎಲ್ಲವೂ ಒಟ್ಟಿಗೆ ಕುಸಿದಿದ್ದರೆ ಒಂದೋ ಭಾರಿ ಸ್ರಾವವಾಗಿರಬೇಕು, ಇಲ್ಲವೇ ಟ್ಯೂಬಿಗೆ ಡ್ರಿಪ್ಪಿನ ದ್ರವ ಸೇರಿರಬೇಕು. ರೋಗಿ ಆರಾಮವಾಗಿ ಕುಳಿತಿದ್ದರು. ಜೊತೆಗೆ ಬಂದ ಇನ್ನೊಂದು ಟ್ಯೂಬಿನಲ್ಲಿ ಗ್ಲೂಕೋಸ್ ನಂಬಲಾಗದಷ್ಟು ಹೆಚ್ಚಿತ್ತು. ಡೆಕ್ಸ್‌ಟ್ರೋಸ್ (ಗ್ಲೂಕೋಸ್ ಇರುವ ಡ್ರಿಪ್) ಹೋಗುತ್ತಿದ್ದ ಕೈಯಿಂದಲೇ ರಕ್ತ ತೆಗೆಯಲಾಗಿತ್ತು. ಇನ್ನೊಂದು ಕೈಯಿಂದ ತೆಗೆಸಿದಾಗ ಬಂದದ್ದು 8.0, ಅಂದರೆ ಒಂದು ಯೂನಿಟ್ಟಿಗೆ ತಕ್ಕ ಏರಿಕೆಯೇ.

ಮೊದಲ ದಿನ ಸರಿಯಾಗಿ ಏರಿದ ಅಂಕಿ ವಾರದೊಳಗೆ ಹಳೆಯ ಮಟ್ಟಕ್ಕೆ ಜಾರುವುದು ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಗಂಭೀರ. ಹಿಂದಿನ ರಕ್ತಪೂರಣದಿಂದಲೋ ಗರ್ಭಧಾರಣೆಯಿಂದಲೋ ಹುಟ್ಟಿದ ಪ್ರತಿಕಾಯಗಳು (ಪರಕೀಯ ರಕ್ತಕಣಗಳ ಮೇಲೆ ಎರಗಲು ದೇಹ ತಯಾರಿಸುವ ಪ್ರೋಟೀನುಗಳು) ಕಾಲಕ್ರಮದಲ್ಲಿ ತಗ್ಗಿ, ರಕ್ತ ಕೊಡುವ ಮುನ್ನ ಹೊಂದಾಣಿಕೆ ನೋಡುವ ಕ್ರಾಸ್‌ಮ್ಯಾಚ್‌ನಲ್ಲಿ ಕಾಣದೇ ಹೋಗಬಹುದು. ಹೊಸ ರಕ್ತ ಬಂದೊಡನೆ ಅವು ಮತ್ತೆ ಹೆಚ್ಚಿ, ಸಾಮಾನ್ಯವಾಗಿ 3ರಿಂದ 14 ದಿನಗಳೊಳಗೆ ಕೊಟ್ಟ ರಕ್ತದ ಕಣಗಳನ್ನು ನಾಶಮಾಡುತ್ತವೆ. ಸ್ರಾವದ ಸುಳಿವಿಲ್ಲದೆ ಹಿಮೋಗ್ಲೋಬಿನ್ ಇಳಿದು, ಕಣ್ಣು ಹಳದಿಯಾಗಿ, ಸೆಂಟ್ರಿಫ್ಯೂಜ್ ಮಾಡಿದ ಟ್ಯೂಬಿನ ಮೇಲ್ಭಾಗದ ಪ್ಲಾಸ್ಮಾ ಗಾಢ ಹಳದಿಯಾಗಿ ಕಂಡರೆ ಕೆಂಪು ಕಣಗಳಿಗೆ ಪ್ರತಿಕಾಯ ಅಂಟಿಕೊಂಡಿದೆಯೇ ಎಂದು ನೋಡುವ ನೇರ ಕೂಂಬ್ಸ್ ಪರೀಕ್ಷೆ ಮಾಡಲೇಬೇಕು. ಪ್ರತಿಕಾಯ ಯಾವುದೆಂದು ಪತ್ತೆಯಾದರೆ ಅದನ್ನು ರೋಗಿಯ ಕೈಗೇ ಬರೆದುಕೊಡುವುದು ಒಳ್ಳೆಯದು, ಏಕೆಂದರೆ ಕೆಲವು ತಿಂಗಳಲ್ಲಿ ಅದು ಮತ್ತೆ ತಗ್ಗಿ ಮುಂದಿನ ಆಸ್ಪತ್ರೆಯ ಪರೀಕ್ಷೆಯಲ್ಲಿ ಕಾಣದಿರಬಹುದು.